ಹೇಮಾವತಿ ಹಿನ್ನೀರಿನ ಮೀನು: ಪದೇ ಪದೇ ಕೇಳುವ ಪ್ರಶ್ನೆಗಳು

ಗೊರೂರು ಹಿನ್ನೀರಿನ ದಂಡೆಯಲ್ಲಿ ಬೆಳೆದವನು ನಾನು. ಗಾಳ ಹಿಡಿದು ಕೂತವನನ್ನು ಕಂಡರೆ ದಾರಿಹೋಕರಿಗೆ ಏನಾದರೂ ಕೇಳಬೇಕು ಅನ್ನಿಸುತ್ತದೆ. ಸಂತೆಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ, ಮದುವೆಮನೆಯ ಊಟದ ಪಂಕ್ತಿಯಲ್ಲೂ ಬಿಡುವುದಿಲ್ಲ. ದೂರದ ನೆಂಟರು ಕಾಗದ ಬರೆದು ಕೇಳಿದ್ದೂ ಇದೆ. ಹತ್ತಾರು ಸಲ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ತಲೆ ಕೆರೆದುಕೊಳ್ಳಬೇಕಾದವು.

## ಹೊಸಬರು ಕೇಳುವುದು

ಹಿನ್ನೀರು ಅಂದ್ರೆ ದೊಡ್ಡ ಕೆರೆ ತಾನೆ?

ನೋಡುವುದಕ್ಕೆ ಹಾಗೇ ಕಾಣುತ್ತದೆ, ಆದರೆ ಅಲ್ಲ. ಕೆರೆಯ ನೀರು ತುಂಬಿದ ಮೇಲೆ ನಿಧಾನಕ್ಕೆ ಇಳಿಯುತ್ತದೆ. ದಂಡೆ ಎಲ್ಲಿದೆ ಎಂದು ಊರಿನವರಿಗೆಲ್ಲ ಗೊತ್ತು. ಹಿನ್ನೀರಿನ ದಂಡೆ ಮಾತ್ರ ನಡೆದಾಡುತ್ತದೆ. ಆಗಸ್ಟ್‌ನಲ್ಲಿ ನೀವು ಕೂತ ಜಾಗ ಏಪ್ರಿಲ್‌ನಲ್ಲಿ ದನ ಮೇಯುವ ಬಯಲು. ನೀರು ಬಿಟ್ಟುಕೊಟ್ಟ ನೆಲದಲ್ಲಿ ಹುಲ್ಲು ಬರುತ್ತದೆ, ಕೆಲವರು ಅಲ್ಲೇ ಏನಾದರೂ ಬಿತ್ತುತ್ತಾರೆ. ಮುಂದಿನ ಮಳೆಗೆ ಅದೆಲ್ಲ ಮತ್ತೆ ಮುಳುಗುತ್ತದೆ.

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ. ಸಕಲೇಶಪುರ ದಾಟಿ ಗೊರೂರಿಗೆ ಬರುತ್ತದೆ. ಚಿಕ್ಕಮಗಳೂರಿನ ಬೆಟ್ಟಗಳಿಂದ ಇಳಿಯುವ ಯಗಚಿಯೂ ಇದಕ್ಕೇ ಸೇರುತ್ತದೆ. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ತುಂಬಿದಾಗ ಮಟ್ಟ ಸಮುದ್ರಮಟ್ಟದಿಂದ 2922 ಅಡಿ, ಹಿಡಿಯುವ ನೀರು ಸುಮಾರು 37 ಟಿಎಂಸಿ. ಈ 2922 ಅನ್ನುವ ಸಂಖ್ಯೆಯನ್ನು ನೆನಪಿಡಿ. ಮೀನು ಹಿಡಿಯುವವನಿಗೆ ಪಂಚಾಂಗಕ್ಕಿಂತ ಅದೇ ಜಾಸ್ತಿ ಉಪಯೋಗ.

ಇಲ್ಲಿ ಯಾವ್ಯಾವ ಮೀನು ಸಿಗುತ್ತೆ?

ಸಂತೆಯಲ್ಲಿ ಕಾಣುವುದು ಬಹುಪಾಲು ಬಿಟ್ಟು ಬೆಳೆಸಿದ ಮೀನು. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ. ಇದರ ಜೊತೆಗೆ ಯಾರೂ ಕರೆಯದೆ ಬಂದು ಮನೆ ಮಾಡಿಕೊಂಡ ಜಿಲೇಬಿ ಮೀನು. ನಮ್ಮ ಹೊಳೆಯವೇ ಆದ ಮೀನುಗಳೂ ಇವೆ. ಕುಚ್ಚು, ಕೊರವ, ಬಾಳೆಮೀನು, ಗಿರ್ಲು, ಚೇಳುಮೀನು, ಸಣ್ಣ ಗೆಂಡೆ, ಪಕ್ಕೆ, ಸೊಸಲು. ಅದೃಷ್ಟ ಇದ್ದರೆ ಹಾವುಮೀನು.

ಹೆಸರಿನ ವಿಷಯದಲ್ಲಿ ಜಗಳ ಬೇಡ. ಆಲೂರಿನವರು ಕರೆಯುವ ಹೆಸರನ್ನು ಅರಕಲಗೂಡಿನವರು ಒಪ್ಪುವುದಿಲ್ಲ, ಮೂಡಿಗೆರೆಯವರದ್ದು ಇನ್ನೊಂದು. ಮೀನನ್ನು ತೋರಿಸಿ ಮಾತಾಡಿದರೆ ಎಲ್ಲರೂ ಒಂದೇ ಮೀನಿನ ಬಗ್ಗೆ ಮಾತಾಡುತ್ತಾರೆ.

ಯಾರು ಬೇಕಾದ್ರೂ ಹೋಗಿ ಗಾಳ ಹಾಕಬಹುದಾ?

ನೀರು ಎಲ್ಲರ ಕಣ್ಣಿಗೂ ಬಿದ್ದಿದೆ ಅಂದ ಮಾತ್ರಕ್ಕೆ ಮೀನು ಎಲ್ಲರದ್ದೂ ಅಲ್ಲ. ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಲೈಸೆನ್ಸ್ ಅಥವಾ ಗುತ್ತಿಗೆ ಮೂಲಕ ಕೊಡುತ್ತದೆ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ಇದಕ್ಕೆಂದೇ ಇದೆ. ಹೋಗುವ ಮೊದಲು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಎರಡು ವಿಷಯ ಕೇಳಿ. ಆ ಜಾಗ ಯಾರ ಗುತ್ತಿಗೆಯಲ್ಲಿದೆ? ಈ ವರ್ಷ ಮೀನು ಮೊಟ್ಟೆ ಇಡುವ ಕಾಲದ ನಿಷೇಧ ಯಾವತ್ತಿನಿಂದ ಯಾವತ್ತಿನವರೆಗೆ? ಅಣೆಕಟ್ಟಿನ ಬುಡ, ಗೇಟಿನ ಹತ್ತಿರ, ಕುಡಿಯುವ ನೀರೆತ್ತುವ ಕಡೆ ಸುಳಿಯಲೇಬೇಡಿ.

ಬಲೆ ಹಾಕುವ ಕುಟುಂಬಗಳು ಅದರಿಂದಲೇ ಅನ್ನ ತಿನ್ನುತ್ತವೆ. ಅವರ ಬಲೆ ಇರುವ ಕಡೆ ಗಾಳ ಎಸೆದು ಸಿಕ್ಕಿಸಿ, ಆಮೇಲೆ ಚಾಕು ಹಾಕಿ ಬಲೆ ಕತ್ತರಿಸುವವರನ್ನು ನೋಡಿದ್ದೇನೆ. ಅಂಥವರಿಗೆ ನಾನು ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ.

ಗಾಳಕ್ಕೆ ಏನು ಚುಚ್ಚೋದು?

ಒಂದೇ ಉತ್ತರ ಬೇಕಾದರೆ ಎರೆಹುಳು. ಗೊಬ್ಬರದ ಗುಂಡಿಯ ಅಂಚಿನಲ್ಲಿ ಕೆದಕಿದರೆ ಬೇಕಾದಷ್ಟು. ಗೆಂಡೆ, ಗಿರ್ಲು, ಜಿಲೇಬಿ, ಚೇಳು ಎಲ್ಲವೂ ಅದಕ್ಕೆ ಬಾಯಿ ಹಾಕುತ್ತವೆ.

ರೋಹು, ಮೃಗಾಲ್, ಸಾಮಾನ್ಯ ಗೆಂಡೆಗೆ ಹಿಟ್ಟಿನ ಉಂಡೆ ವಾಸಿ. ಹಾಸನದವನಾಗಿ ಹೆಮ್ಮೆಯಿಂದ ಹೇಳುತ್ತೇನೆ, ರಾಗಿ ಮುದ್ದೆಯಂಥ ಎರೆ ಇಲ್ಲ. ಗಟ್ಟಿಯಾಗಿ ತಿರುವಿದ ಮುದ್ದೆಗೆ ಸ್ವಲ್ಪ ಕಡಲೆಕಾಯಿ ಹಿಂಡಿ ಸೇರಿಸಿ ನಾದಿ, ನೆಲ್ಲಿಕಾಯಿ ಗಾತ್ರ ಮಾಡಿಕೊಳ್ಳಿ. ಉಂಡೆ ನೀರಲ್ಲಿ ಹತ್ತು ನಿಮಿಷ ನಿಲ್ಲಬೇಕು, ಬೇಗ ಕರಗಿದರೆ ಮುದ್ದೆ ತೆಳ್ಳಗಾಯಿತು ಅಂತ ಅರ್ಥ. ಕಾವೇರಿಯಲ್ಲಿ ಹಿಂದೆ ದೊಡ್ಡ ಬಿಳಿಮೀನಿಗೆ (ಮಹಶೀರ್) ಗಾಳ ಹಾಕುತ್ತಿದ್ದವರೂ ರಾಗಿ ಉಂಡೆಯನ್ನೇ ನೆಚ್ಚಿಕೊಂಡಿದ್ದರು.

ಕುಚ್ಚು, ಬಾಳೆ ಬೇಟೆಗಾರ ಮೀನು. ಅವಕ್ಕೆ ಹಿಟ್ಟು ಹಿಡಿಸುವುದಿಲ್ಲ. ಸಣ್ಣ ಮೀನು, ಕೋಳಿ ಕರುಳು ಬೇಕು. ಕಾಟ್ಲಾ ನೀರಲ್ಲಿ ತೇಲುವ ಕಣ್ಣಿಗೆ ಕಾಣದಂಥ ಜೀವಿಗಳನ್ನು ಸೋಸಿ ತಿನ್ನುವ ಮೀನು, ಗಾಳಕ್ಕೆ ಬರುವುದೇ ಕಷ್ಟ. ತೌಡಿನ ಪುಡಿ ಚೆಲ್ಲಿ, ದಾರದ ಮೇಲಿನ ತೇಲುವ ಬೆಂಡನ್ನು ಗಾಳದ ಹತ್ತಿರಕ್ಕೆ ಸರಿಸಿಕೊಂಡು ಕಾಯಬೇಕು. ಸಿಗದಿದ್ದರೆ ನನ್ನನ್ನು ಬೈಯಬೇಡಿ.

ಶೆಟ್ಟಿಹಳ್ಳಿ ಚರ್ಚ್ ಹತ್ರ ಮೀನು ಜಾಸ್ತಿಯಂತೆ, ಹೌದಾ?

1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಅದು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ನೆಲದ ಮೇಲೆ ನಿಲ್ಲುತ್ತದೆ. ಮುಳುಗಿದ ಗೋಡೆ, ಮೆಟ್ಟಿಲು, ಮರದ ಬೊಡ್ಡೆ ಇರುವ ಕಡೆ ಪಾಚಿ ಹಿಡಿಯುತ್ತದೆ. ಪಾಚಿ ಮೇಯಲು ಸಣ್ಣ ಮೀನು, ಅದನ್ನು ತಿನ್ನಲು ದೊಡ್ಡದು. ಹಾಗಾಗಿ ಮಾತು ಸುಳ್ಳಲ್ಲ. ಆದರೆ ಅಲ್ಲಿ ಫೋಟೋ ತೆಗೆಯುವವರ ಗದ್ದಲವೇ ಜಾಸ್ತಿ, ಹಳೇ ಗೋಡೆ ಯಾವಾಗ ಉದುರುತ್ತದೋ ಹೇಳಲಾಗದು. ಚರ್ಚು ನೋಡಿ ಬನ್ನಿ, ಗಾಳವನ್ನು ಬೇರೆ ಕಡೆ ಹಾಕಿ. ಮುಳುಗಿದ ಊರುಗಳ ತೋಪು, ಬೇಲಿ, ಬದು ಹಿನ್ನೀರಿನ ಉದ್ದಕ್ಕೂ ಇವೆ. ಎಲ್ಲೆಲ್ಲಿ ಇದ್ದವು ಎಂದು ಹಳಬರನ್ನು ಕೇಳಿದರೆ ಕೈ ತೋರಿಸಿ ಹೇಳುತ್ತಾರೆ. ಹೇಳುವಾಗ ಅವರ ದನಿ ಸ್ವಲ್ಪ ಇಳಿಯುತ್ತದೆ, ಅದು ಮುಳುಗಿದ ಅವರದೇ ಹೊಲ.

## ಮಳೆ, ಚಳಿ, ಬಿಸಿಲು

ವರ್ಷದಲ್ಲಿ ಯಾವ ತಿಂಗಳು ಮೀನು ಜಾಸ್ತಿ ಸಿಗುತ್ತೆ?

ತಿಂಗಳು ಕೇಳಬೇಡಿ, ನೀರು ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ಕೇಳಿ. ಮೀನಿಗೆ ಕ್ಯಾಲೆಂಡರ್ ಗೊತ್ತಿಲ್ಲ.

ಸಕಲೇಶಪುರ, ಮೂಡಿಗೆರೆ ಕಡೆ ಮಳೆ ಹಿಡಿದರೆ ಒಂದೆರಡು ದಿನದಲ್ಲಿ ನಮ್ಮಲ್ಲಿ ನೀರು ಕೆಂಪಾಗುತ್ತದೆ. ಸಾಮಾನ್ಯವಾಗಿ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಮಟ್ಟ ಏರುತ್ತದೆ. ಆಗ ಏನಾಗುತ್ತದೆ ನೋಡಿ. ಬೇಸಿಗೆಯಿಡೀ ಒಣಗಿದ್ದ ನೆಲಕ್ಕೆ ನೀರು ನುಗ್ಗುತ್ತದೆ. ಬಿಲದಿಂದ ಎರೆಹುಳು, ಗೊದ್ದ, ಜೀರುಂಡೆ ಎಲ್ಲ ಹೊರಬೀಳುತ್ತವೆ. ಮುಳುಗಿದ ಹುಲ್ಲು, ಸಗಣಿ ಕೊಳೆತು ನೀರಿಗೆ ಸಾರ ಬಿಡುತ್ತವೆ. ಮೀನು ಮೇವಿನ ಹಿಂದೆ ಅಂಚಿಗೆ ಬರುತ್ತದೆ. ಮೊಣಕಾಲುದ್ದ ನೀರಲ್ಲಿ ಎರಡು ಕೆಜಿ ಗೆಂಡೆ ಬೆನ್ನು ತೋರಿಸಿಕೊಂಡು ಮೇಯುವುದು ಆಗಲೇ. ಆದರೆ ಈ ಹೊತ್ತಲ್ಲೇ ಹೆಚ್ಚಿನ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ, ನಿಷೇಧವೂ ಇರುತ್ತದೆ. ಕಣ್ತುಂಬ ನೋಡಿ ಖುಷಿಪಡಿ.

ಗಾಳಕ್ಕೆ ನಾನು ಮೆಚ್ಚುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನ ದಿನಗಳು. ನಮ್ಮ ಲೆಕ್ಕದಲ್ಲಿ ಹಸ್ತೆ, ಚಿತ್ತೆ, ಸ್ವಾತಿ ಮಳೆ. ಕೆಸರು ಕೆಳಗೆ ಕೂತು ನೀರು ತಿಳಿಯಾಗಿರುತ್ತದೆ. ಮಟ್ಟ ಹೆಚ್ಚುಕಮ್ಮಿ ನಿಂತಿರುತ್ತದೆ. ಮೊಟ್ಟೆ ಇಟ್ಟು ಸೊರಗಿದ ಮೀನು ಮೈ ತುಂಬಿಕೊಳ್ಳಲು ಬಾಯಿಬಿಟ್ಟು ತಿನ್ನುತ್ತದೆ. ಬೆಳಿಗ್ಗೆ ಏಳರಿಂದ ಹತ್ತು, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಕೂತರೆ ಬರಿಗೈಯಲ್ಲಿ ಬರುವುದು ಅಪರೂಪ.

ಆಮೇಲೆ ನಾಲೆಗೆ ನೀರು ಬಿಡುವುದು ಹೆಚ್ಚಿದಂತೆ ಮಟ್ಟ ಇಳಿಯುತ್ತದೆ. ಮಂಡ್ಯಕ್ಕೂ ತುಮಕೂರಿಗೂ ಇಲ್ಲಿಂದಲೇ ನೀರು ಹೋಗಬೇಕಲ್ಲ. ದಿನಾ ಇಳಿಯುವ ನೀರಲ್ಲಿ ಮೀನು ಅಂಚನ್ನು ನಂಬುವುದಿಲ್ಲ, ಹಳೇ ಹೊಳೆಪಾತ್ರದ ಕಡೆ ಸರಿಯುತ್ತದೆ.

ಹತ್ತುಮೀನು ಅಂತಾರಲ್ಲ, ಅದೇನು? ಅದನ್ನ ಹಿಡಿದ್ರೆ ಏನು ತಪ್ಪು? ನಮ್ಮ ತಾತನ ಕಾಲದಿಂದ ಹಿಡೀತಾ ಬಂದಿದೀವಿ.

ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳ ತುಂಬಿ ಹೊಳೆಗೆ ಬೀಳುತ್ತದಲ್ಲ, ಆ ಹೊಸ ನೀರಿನ ವಾಸನೆ, ತಂಪು, ಸೆಳೆತ ಮೀನಿಗೆ ಒಂದು ಕರೆ. ನೀರಿಗೆ ಎದುರಾಗಿ ಹತ್ತುತ್ತದೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಕಾಲುವೆಗೆ, ಅಲ್ಲಿಂದ ಗದ್ದೆಗೆ. ಅಂಗೈ ಆಳದ ನೀರಲ್ಲೂ ಮಗ್ಗುಲಾಗಿ ಒದ್ದಾಡಿಕೊಂಡು ಹೋಗುತ್ತದೆ. ಗೆಂಡೆ, ಪಕ್ಕೆ, ಗಿರ್ಲು, ಬಾಳೆ, ಚೇಳು, ಎಲ್ಲ ಹತ್ತುತ್ತವೆ. ಮೇಲಿನ ಆಳವಿಲ್ಲದ ನೀರಲ್ಲಿ ಮೊಟ್ಟೆ ಇಟ್ಟರೆ ಮರಿಗೆ ಮೇವು ಜಾಸ್ತಿ, ದೊಡ್ಡ ಮೀನಿನ ಕಾಟ ಕಡಿಮೆ. ಮಳೆ ನಿಲ್ಲುವ ಹೊತ್ತಿಗೆ ಮರಿಗಳು ಬೆಳೆದು ಇಳಿಯುವ ನೀರಿನ ಜೊತೆ ವಾಪಸ್ಸು ಹೊಳೆಗೆ ಬರುತ್ತವೆ.

ಇದನ್ನು ಹಿಡಿಯುವುದು ಮಲೆನಾಡಿನಲ್ಲಿ ಹಬ್ಬದ ಹಾಗೆ. ಬ್ಯಾಟರಿ, ಕತ್ತಿ ಹಿಡಿದು ರಾತ್ರಿ ಗದ್ದೆ ಬದುವಿನ ಮೇಲೆ ಓಡುವುದು, ತೂಬಿನ ಬಾಯಿಗೆ ಕೂಣಿ, ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿ, ಕಟ್ಟುವುದು. ನಾನೂ ಮಾಡಿದ್ದೇನೆ. ಹೈಸ್ಕೂಲಿನಲ್ಲಿದ್ದಾಗ ಚಿಕ್ಕಪ್ಪನ ಜೊತೆ ಹೋಗಿ ಒಂದು ಬಕೆಟ್ ತುಂಬ ತಂದಿದ್ದೆ. ಅಮ್ಮ ಮೀನು ಸೀಳುತ್ತಾ ಕೂತರು. ಪ್ರತಿ ಮೀನಿನ ಹೊಟ್ಟೆಯಲ್ಲೂ ಮೊಟ್ಟೆ. ಪಾತ್ರೆಯ ಒಂದು ಕಡೆ ಮೀನು, ಇನ್ನೊಂದು ಕಡೆ ಹೆಚ್ಚುಕಮ್ಮಿ ಅಷ್ಟೇ ಮೊಟ್ಟೆ. "ಬಸುರಿಯರನ್ನೇ ಹಿಡ್ಕಂಡು ಬಂದಿದೀರಲ್ಲೋ" ಅಂದರು ಅಮ್ಮ. ಹುರಿದು ಬಡಿಸಿದರು ಅನ್ನುವುದು ಬೇರೆ ಮಾತು, ನಾವು ತಿಂದೆವು ಕೂಡ.

ತಾತನ ಕಾಲಕ್ಕೂ ಈಗಕ್ಕೂ ಇರುವ ವ್ಯತ್ಯಾಸ ಇದು. ಆಗ ಊರಿಗೆ ನಾಲ್ಕು ಕೂಣಿ, ಹತ್ತುವ ದಾರಿ ನೂರು. ಈಗ ಹಳ್ಳಗಳಿಗೆ ಚೆಕ್ ಡ್ಯಾಮ್ ಬಿದ್ದಿದೆ, ಗದ್ದೆ ಅಡಿಕೆ ತೋಟವಾಗಿದೆ, ಶುಂಠಿ ಹೊಲದ ಔಷಧಿ ಮೊದಲ ಮಳೆಗೇ ತೊಳೆದು ಬರುತ್ತದೆ. ಉಳಿದ ಒಂದೆರಡು ದಾರಿಯಲ್ಲಿ ನಲವತ್ತು ಜನ ಬ್ಯಾಟರಿ ಹಿಡಿದು ನಿಂತರೆ ಯಾವ ಮೀನು ಮೇಲೆ ಮುಟ್ಟೀತು?

ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಬರುವ ಬೂತಾಯಿ, ಬಂಗುಡೆ ಕಡಿಮೆಯಾಗಿ ದುಬಾರಿಯಾಗುತ್ತದೆ. ಆಗ ಎಲ್ಲರ ಕಣ್ಣು ಹೊಳೆ ಮೀನಿನ ಮೇಲೆ. ಅಂದರೆ ಕಡಲ ಮೀನಿಗೆ ಮೊಟ್ಟೆ ಇಡಲು ಬಿಡುವು ಕೊಟ್ಟು, ಅದೇ ಹೊತ್ತಿಗೆ ಮೊಟ್ಟೆ ಇಡುವ ಹೊಳೆ ಮೀನನ್ನು ಹಿಡಿಯಲು ಹೊರಡುತ್ತೇವೆ. ಶ್ರಾವಣ ಬಂದು ಅರ್ಧ ಊರು ಮಾಂಸ ಬಿಟ್ಟಾಗ ಬೇಡಿಕೆ ಇಳಿಯುತ್ತದೆ. ಅಷ್ಟು ಹೊತ್ತಿಗೆ ಹತ್ತುವುದೂ ಮುಗಿದಿರುತ್ತದೆ.

ಚಳಿಗಾಲದಲ್ಲಿ ಮೀನು ಕಚ್ಚೋದೇ ಇಲ್ಲ. ಎಲ್ಲಿ ಹೋಗುತ್ತೆ?

ಎಲ್ಲೂ ಹೋಗುವುದಿಲ್ಲ, ಹಸಿವು ಕಡಿಮೆಯಾಗುತ್ತದೆ. ಮೀನಿನ ಮೈ ಬಿಸಿ ನೀರಿನ ಬಿಸಿಯಷ್ಟೇ. ಗೊರೂರಿನ ನೀರು ಸಮುದ್ರಮಟ್ಟದಿಂದ ಸುಮಾರು 890 ಮೀಟರ್ ಎತ್ತರದಲ್ಲಿದೆ, ಪುಷ್ಯಮಾಸದ ಬೆಳಗಿನ ಚಳಿ ನಿಮಗೇ ಗೊತ್ತು. ನೀರು ತಣ್ಣಗಾದರೆ ತಿಂದದ್ದು ನಿಧಾನಕ್ಕೆ ಅರಗುತ್ತದೆ, ಹಾಗಾಗಿ ಕಡಿಮೆ ತಿನ್ನುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಎದ್ದು ಹೋಗಿ ನಡುಗುವುದು ಸುಮ್ನೆ ವ್ಯರ್ಥ. ಹನ್ನೊಂದರ ಮೇಲೆ ಹೋಗಿ, ಬಿಸಿಲು ಬೀಳುವ ಕಡೆ ಕೂರಿ, ಎರೆಯನ್ನು ಚಿಕ್ಕದು ಮಾಡಿ. ಬೆಂಡು ಮುಳುಗುವುದಿಲ್ಲ, ಸ್ವಲ್ಪ ಅಲ್ಲಾಡುತ್ತದೆ ಅಷ್ಟೆ. ಅದೇ ಕಚ್ಚು.

ಬೇಸಿಗೇಲಿ ನೀರು ಕಡಿಮೆ ಇರುತ್ತಲ್ಲ, ಆಗ ಹಿಡಿಯೋದು ಸುಲಭ ಅಲ್ವಾ?

ಬಲೆಯವರಿಗೆ ಸುಲಭ. ಮೀನು ಒತ್ತೊತ್ತಾಗಿ ಸೇರಿರುತ್ತದೆ. ಗಾಳದವರಿಗೆ ನಸುಕು ಮತ್ತು ರಾತ್ರಿ ಮಾತ್ರ ಸರಿ, ಮಧ್ಯಾಹ್ನದ ನೀರು ಬಿಸಿಯಾಗಿ ಮೀನು ಆಳಕ್ಕೆ ಇಳಿದಿರುತ್ತದೆ. ಬೇಸಿಗೆಯಲ್ಲಿ ನಾನು ಮಾಡುವ ಕೆಲಸ ಬೇರೆ. ನೀರು ಬಿಟ್ಟ ನೆಲದ ಮೇಲೆ ನಡೆದು, ಎಲ್ಲಿ ಬೊಡ್ಡೆ ಇದೆ, ಎಲ್ಲಿ ಹಳೇ ಬಾವಿ, ಎಲ್ಲಿ ಹಳ್ಳದ ತಿರುವು ಎಂದು ನೋಡಿಟ್ಟುಕೊಳ್ಳುತ್ತೇನೆ. ದಂಡೆ ಮೇಲಿನ ಮರವನ್ನೋ ಮೈಲಿಗಲ್ಲನ್ನೋ ಗುರುತು ಇಟ್ಟರೆ ಸಾಕು. ಅಕ್ಟೋಬರ್‌ನಲ್ಲಿ ಅದೇ ಜಾಗದ ಮೇಲೆ ಹತ್ತಡಿ ನೀರು ಇರುವಾಗ ಬೊಡ್ಡೆಯ ಪಕ್ಕಕ್ಕೇ ಗಾಳ ಬೀಳುತ್ತದೆ. ಪಕ್ಕದವನು "ನಿಂಗೆ ಮಾತ್ರ ಹೆಂಗೆ ಸಿಗುತ್ತೆ" ಅಂತ ಕೇಳುತ್ತಾನೆ.

ಅಮಾವಾಸ್ಯೆ, ಹುಣ್ಣಿಮೆ ನೋಡಬೇಕಾ?

ಬಲೆ ಹಾಕುವವರು ನೋಡುತ್ತಾರೆ, ಅದರಲ್ಲಿ ಅರ್ಥವಿದೆ. ನೀರಲ್ಲಿ ಗೋಡೆಯ ಹಾಗೆ ನಿಲ್ಲಿಸುವ ಬಲೆ ಬೆಳದಿಂಗಳಲ್ಲಿ ಮೀನಿಗೆ ಕಾಣುತ್ತದೆ, ಕತ್ತಲಲ್ಲಿ ಕಾಣುವುದಿಲ್ಲ. ಗಾಳಕ್ಕೆ ನಾನು ನೋಡುವುದಿಲ್ಲ.

## ಮೀನಿನ ಸ್ವಭಾವ

ಕಾಟ್ಲಾ, ರೋಹು ಹಿನ್ನೀರಲ್ಲಿ ತಾವೇ ಮರಿ ಮಾಡ್ಕೊಳಲ್ವಾ? ಪ್ರತಿ ವರ್ಷ ಮರಿ ಬಿಡೋದು ಯಾಕೆ?

ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗೆಯ ಕಡೆಯ ದೊಡ್ಡ ನದಿಗಳವು. ಕಾವೇರಿ ಸೀಮೆಗೆ ತಂದು ಬಿಟ್ಟದ್ದು. ಹರಿಯುವ ನೆರೆನೀರಿಲ್ಲದೆ ಇವು ಮೊಟ್ಟೆ ಇಡುವುದಿಲ್ಲ. ನಿಂತ ನೀರಲ್ಲಿ ಹೊಟ್ಟೆ ತುಂಬ ಮೊಟ್ಟೆ ಇದ್ದರೂ ಹಾಗೇ ಉಳಿದು ಕರಗಿ ಹೋಗುತ್ತದೆ. ಒಂದು ಕೆಜಿ ತೂಕದ ತಾಯಿಗೆ ಲಕ್ಷಕ್ಕೂ ಮೇಲೆ ಮೊಟ್ಟೆ, ಆದರೂ ಒಂದು ಮರಿ ಇಲ್ಲ.

ಹಿಂದೆ ನದಿಗಳಿಂದಲೇ ಮರಿ ಹಿಡಿದು ಸಾಗಿಸುತ್ತಿದ್ದರು. 1957ರ ಜುಲೈ 10ರಂದು ಹೀರಾಲಾಲ್ ಚೌಧರಿ ಮತ್ತು ಅಲಿಕುಂಞಿ ಒಡಿಶಾದಲ್ಲಿ ಈ ಜಾತಿಯ ಮೀನಿಗೆ ಪಿಟ್ಯುಟರಿ ಗ್ರಂಥಿಯ ರಸದ ಸೂಜಿ ಕೊಟ್ಟು ಮೊಟ್ಟೆ ಇಡಿಸಿದರು. ಆ ದಿನವನ್ನು ಈಗಲೂ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಇವತ್ತು ಹಿನ್ನೀರಿಗೆ ಬಿಡುವ ಮರಿ ಬರುವುದು ಆ ದಾರಿಯಿಂದಲೇ. ಬಿಡುವಾಗ ಬೆರಳುದ್ದ ಇರಬೇಕು. ಅದಕ್ಕಿಂತ ಚಿಕ್ಕದಾದರೆ ಬಾಳೆಮೀನಿಗೆ ತಿಂಡಿ ಹಾಕಿದ ಹಾಗೆ.

ಸಾಮಾನ್ಯ ಗೆಂಡೆ ಹಾಗಲ್ಲ. ನಿಂತ ನೀರಲ್ಲೇ ಜೊಂಡಿಗೆ, ಮುಳುಗಿದ ಹುಲ್ಲಿಗೆ ಅಂಟುವ ಮೊಟ್ಟೆ ಇಡುತ್ತದೆ. ಮೊಟ್ಟೆ ಅಂಟಿದ ಮೇಲೆ ನೀರು ಸರ್ರನೆ ಇಳಿದರೆ ಎಲ್ಲ ಒಣಗಿ ಹೋಯಿತು.

ನೀರ ಮೇಲೆ ಕೆಂಪಗೆ ಮರಿಗಳ ಗುಂಪು ಕಾಣುತ್ತಲ್ಲ, ಅದ್ಯಾವುದು?

ಕುಚ್ಚಿನ ಮರಿ. ಜೊಂಡು ಸರಿಸಿ ಗೂಡು ಮಾಡಿ ಮೊಟ್ಟೆ ಇಟ್ಟು, ಮರಿಯಾದ ಮೇಲೂ ದೊಡ್ಡ ಮೀನು ಕೆಳಗೇ ಕಾವಲು ತಿರುಗುತ್ತಿರುತ್ತದೆ. ಆಗ ಮರಿಗಳ ನಡುವೆ ಏನು ಬಿದ್ದರೂ ಹಾರಿ ಕಚ್ಚುತ್ತದೆ. ಹಸಿವಿನಿಂದಲ್ಲ, ಸಿಟ್ಟಿನಿಂದ. ಇದನ್ನು ಕಂಡುಕೊಂಡವರು ಅಲ್ಲೇ ಗಾಳ ಬಿಟ್ಟು ಸುಲಭವಾಗಿ ಹಿಡಿಯುತ್ತಾರೆ. ಕಾವಲು ಹೋದ ಮರುಗಳಿಗೆಯೇ ಗಿರ್ಲು, ಜಿಲೇಬಿ ಬಂದು ಮರಿಗಳನ್ನು ಮುಗಿಸುತ್ತವೆ. ಕೆಂಪು ಗುಂಪು ಕಂಡರೆ ನಾನು ಗಾಳ ಸುತ್ತಿಕೊಂಡು ಮುಂದೆ ಹೋಗುತ್ತೇನೆ.

ಎಲ್ಲಿ ನೋಡಿದ್ರೂ ಜಿಲೇಬಿ. ಯಾಕಿಷ್ಟು ತುಂಬ್ಕೊಂಡಿದೆ?

ಇದು ಆಫ್ರಿಕಾ ಮೂಲದ ತಿಲಾಪಿಯಾ, 1952ರಲ್ಲಿ ದೇಶಕ್ಕೆ ತಂದದ್ದು. ತಾಯಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಮೊಟ್ಟೆ ಕೆಲವೇ ನೂರು, ಆದರೆ ಉಳಿಯುವುದು ಬಹಳ. ವರ್ಷಕ್ಕೆ ಹಲವು ಸಲ ಮರಿ, ಮಳೆ ಬೇಕು ಅಂತಲೂ ಇಲ್ಲ. ಜಿಲೇಬಿ ಸಿಕ್ಕರೆ ವಾಪಸ್ಸು ಬಿಡಬೇಡಿ. ಸಣ್ಣದನ್ನು ಗರಿಗರಿಯಾಗಿ ಹುರಿದರೆ ಅಕ್ಕಿ ರೊಟ್ಟಿಗೆ ಒಳ್ಳೇ ಜೋಡಿ.

ಇದಕ್ಕಿಂತ ಕೆಟ್ಟದ್ದು ಆಫ್ರಿಕನ್ ಕ್ಯಾಟ್‌ಫಿಶ್. ಸಾಕುವುದಕ್ಕೇ ನಿಷೇಧವಿದೆ, ಆದರೂ ಹೊಂಡಗಳಿಂದ ತಪ್ಪಿಸಿಕೊಂಡು ನೆರೆಯಲ್ಲಿ ಹೊಳೆ ಸೇರುತ್ತದೆ. ಗಾಳಿ ಉಸಿರಾಡುತ್ತದೆ, ಕೊಳಚೆಯಲ್ಲೂ ಬದುಕುತ್ತದೆ, ಬಾಯಿಗೆ ಹಿಡಿಸುವ ಯಾವ ಮೀನನ್ನೂ ಬಿಡುವುದಿಲ್ಲ.

ಮೊದಲೆಲ್ಲ ತೋಳುದ್ದದ ಹಾವುಮೀನು ಸಿಗ್ತಿತ್ತು. ಈಗ ಯಾಕೆ ಕಾಣಲ್ಲ?

ಹಾವಿನ ಹಾಗಿರುವ ಬೇರೆ ಮೀನುಗಳನ್ನೂ ಆ ಹೆಸರಲ್ಲಿ ಕರೆಯುತ್ತಾರೆ. ನೀವು ಕೇಳುವ ದೊಡ್ಡ ಜಾತಿಯ ಕತೆ ಉಳಿದ ಮೀನುಗಳಿಗೆ ತಿರುಗುಮುರುಗು. ಬೇರೆಯವು ಮೊಟ್ಟೆ ಇಡಲು ಮೇಲಕ್ಕೆ ಹತ್ತಿದರೆ ಇದು ಸಮುದ್ರಕ್ಕೆ ಇಳಿಯುತ್ತದೆ. ಹೊಳೆಯಲ್ಲಿ ವರ್ಷಗಟ್ಟಲೆ ಬೆಳೆದು, ಕಡಲಲ್ಲಿ ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ಕಡ್ಡಿಯಂಥ ಮರಿಗಳು ಬಂಗಾಳ ಕೊಲ್ಲಿಯಿಂದ ಕಾವೇರಿ ಹಿಡಿದು ಹತ್ತಿ ಬರಬೇಕು. ದಾರಿಯಲ್ಲಿ ಮೆಟ್ಟೂರು, ಕನ್ನಂಬಾಡಿ, ಗೊರೂರು. ಮರಿ ಒದ್ದೆ ಗೋಡೆ ಹತ್ತಬಲ್ಲದು ನಿಜ. ಆದರೆ ಇಷ್ಟೆತ್ತರದ ಕಟ್ಟೆಗಳನ್ನು?

ಬಿಳಿಮೀನು ಇನ್ನೂ ಇದೆಯಾ? ಎಲ್ಲಿ ನೋಡಬಹುದು?

ಹಿಡಿಯಲು ಕೇಳುತ್ತಿದ್ದರೆ ಉತ್ತರ ಇಲ್ಲ. ನೋಡಲಿಕ್ಕಾದರೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಿ. ಕಾವೇರಿಯ ವಹ್ನಿ ಪುಷ್ಕರಣಿಯಲ್ಲಿ ದೇವರ ಮೀನು ಎಂದು ಯಾರೂ ಮುಟ್ಟುವುದಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿಯೂ ಹಾಗೇ. ಕಾವೇರಿ ಸೀಮೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ, ಕಿತ್ತಳೆ ರೆಕ್ಕೆಯ ಡುಬ್ಬದ ಬಿಳಿಮೀನನ್ನು 2018ರಲ್ಲಿ ಅಳಿವಿನ ಅಂಚಿನ ಕೆಂಪು ಪಟ್ಟಿಗೆ ಸೇರಿಸಿದರು. ದೇವರ ಹೆಸರಲ್ಲಿ ಬಿಟ್ಟ ಮಡುಗಳು ಇಲ್ಲದಿದ್ದರೆ ನಮ್ಮ ಮಕ್ಕಳಿಗೆ ತೋರಿಸಲೂ ಬಿಳಿಮೀನು ಉಳಿಯುತ್ತಿತ್ತೋ ಇಲ್ಲವೋ.

ಭದ್ರಾ ಹಿನ್ನೀರೂ ಹೀಗೇನಾ? ಲಕ್ಕವಳ್ಳಿ ಕಡೆ ಗಾಳ ಹಾಕಬಹುದಾ?

ನೀರಿನ ಏರಿಳಿತ ಇದೇ ಥರ. ಆದರೆ ಅದರ ಬಹುಪಾಲು ದಂಡೆ ಭದ್ರಾ ಹುಲಿ ಮೀಸಲಿನ ಕಾಡು, 1998ರಿಂದ. ಕಾಡೊಳಗೆ ಗಾಳ ಹಿಡಿದು ಹೋದರೆ ಅರಣ್ಯ ಇಲಾಖೆಯವರು ಹಿಡಿಯುತ್ತಾರೆ, ಆನೆ ಅವರಿಗಿಂತ ಮೊದಲೇ ಹಿಡಿಯಬಹುದು. ಅಲ್ಲಿಗೆ ಬೇಸಿಗೆಯಲ್ಲಿ ಹೋಗಿ, ನೀರು ಇಳಿದು ಎದ್ದ ದ್ವೀಪಗಳ ಮೇಲೆ ಗೂಡು ಮಾಡುವ ನದಿ ರೀವಗಳನ್ನು ನೋಡಿ. ಸಾವಿರಗಟ್ಟಲೆ ಹಕ್ಕಿ. ಮೀನಿನ ಮೇಲೆ ಬಾಣದ ಹಾಗೆ ಬೀಳುತ್ತವೆ. ಹಕ್ಕಿ ಎಲ್ಲಿ ಬೀಳುತ್ತದೋ ಅಲ್ಲಿ ಸೊಸಲು ಮೇಲೆ ಬಂದಿದೆ ಎಂದು ಅರ್ಥ. ಈ ಪಾಠ ಗೊರೂರಿಗೂ ಆಗುತ್ತದೆ.

## ಕೈ ಪಳಗಿದವರು ಕೇಳುವುದು

ಒಂದೇ ದಿನ ಆ ದಡದಲ್ಲಿ ಸಿಗುತ್ತೆ, ಈ ದಡದಲ್ಲಿ ಸಿಗಲ್ಲ. ಯಾಕೆ?

ಗಾಳಿ ನೋಡಿ. ಎರಡು ದಿನ ಒಂದೇ ಕಡೆಯಿಂದ ಬೀಸಿದರೆ ಮೇಲಿನ ನೀರು, ಅದರ ಜೊತೆ ತೇಲುವ ಸಣ್ಣ ಜೀವಿಗಳು, ಎದುರು ದಡಕ್ಕೆ ಹೋಗಿ ಸೇರುತ್ತವೆ. ಅವುಗಳ ಹಿಂದೆ ಸೊಸಲು, ಕಾಟ್ಲಾ. ಮುಂಗಾರಿನಲ್ಲಿ ಪಡುವಣ ಗಾಳಿ, ಆಗ ಮೂಡಣ ದಡ ವಾಸಿ. ದೀಪಾವಳಿ ಕಳೆದು ಮೂಡಣ ಗಾಳಿ ತಿರುಗಿದ ಮೇಲೆ ಪಡುವಣ ದಡ. ಅಲೆ ಮುಖಕ್ಕೆ ಬಡಿಯುವ ದಡದಲ್ಲಿ ಕೂರುವುದು ಯಾರಿಗೂ ಇಷ್ಟವಿಲ್ಲ, ಹಾಗಾಗಿ ಅಲ್ಲಿ ಜಾಗವೂ ಖಾಲಿ ಇರುತ್ತದೆ.

ಪೇಪರ್‌ನಲ್ಲಿ ಬರೋ ಜಲಾಶಯದ ಮಟ್ಟ ನೋಡಿ ಏನು ತಿಳ್ಕೋಬಹುದು?

ದಿನಾ ಬರುವ ಮಟ್ಟ, ಒಳಹರಿವು, ಹೊರಹರಿವು ಮೂರನ್ನೂ ಒಂದು ಡೈರಿಯಲ್ಲಿ ಬರೆದಿಡಿ, ಪಕ್ಕದಲ್ಲಿ ನಿಮಗೆ ಸಿಕ್ಕ ಮೀನು. ಎರಡು ವರ್ಷದಲ್ಲಿ ನಿಮ್ಮದೇ ಪಂಚಾಂಗ ತಯಾರಾಗುತ್ತದೆ. ನನ್ನ ಡೈರಿ ಹೇಳುವುದು ಇಷ್ಟು. ಒಳಹರಿವು ದಿಢೀರನೆ ಏರಿದ ಮೊದಲ ಎರಡು ದಿನ ಏನೂ ಇಲ್ಲ, ಕೆಂಪು ನೀರು. ಮೂರನೇ ದಿನದಿಂದ ಹಳ್ಳ ಸೇರುವ ಬಾಯಿಗಳಲ್ಲಿ, ಕೆಂಪು ನೀರೂ ತಿಳಿ ನೀರೂ ಕೂಡುವ ಗೆರೆಯ ಮೇಲೆ ಚೆನ್ನಾಗಿ ಕಚ್ಚುತ್ತದೆ. ಮಟ್ಟ ದಿನಕ್ಕೆ ಅರ್ಧ ಅಡಿಗಿಂತ ಜಾಸ್ತಿ ಇಳಿಯುವ ವಾರ ನಾನು ಮನೆಯಲ್ಲೇ ಇರುತ್ತೇನೆ.

ಮೋಡ ಮುಚ್ಚಿದ ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ಬಿಡ್ತಾ ಇರುತ್ತೆ. ಯಾರಾದ್ರೂ ವಿಷ ಹಾಕಿದಾರಾ?

ಪ್ರತಿ ಸಲವೂ ವಿಷ ಅಲ್ಲ. ಹಗಲು ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ತೆಗೆದುಕೊಳ್ಳುತ್ತದೆ. ಮೂರು ದಿನ ಬಿಸಿಲಿಲ್ಲದಿದ್ದರೆ ಜಮೆ ಕಡಿಮೆ, ಖರ್ಚು ಅಷ್ಟೇ. ನಸುಕಿನಲ್ಲಿ ಆಮ್ಲಜನಕ ತಳ ಮುಟ್ಟುತ್ತದೆ. ಜೊಂಡು ತುಂಬಿದ, ಗಾಳಿಯಾಡದ ಮೂಲೆಗಳಲ್ಲಿ ಇದು ಜಾಸ್ತಿ. ಬಿಸಿಲೇರಿ ಮೀನು ಕೆಳಗೆ ಹೋದರೆ ಇದೇ ಕಾರಣ. ಕುಚ್ಚು, ಚೇಳು ಗಾಳಿಯನ್ನೂ ಉಸಿರಾಡುತ್ತವೆ. ಅವೂ ಸತ್ತು ತೇಲುತ್ತಿದ್ದರೆ, ಆಗ ಅನುಮಾನಪಡಿ, ಆ ಮೀನು ತಿನ್ನಬೇಡಿ.

ತೋಟೆ ಹೊಡೆದ್ರೆ, ಬ್ಲೀಚಿಂಗ್ ಪೌಡರ್ ಹಾಕಿದ್ರೆ ಬೇಗ ಸಿಗುತ್ತಲ್ವಾ?

ಜೈಲೂ ಬೇಗ ಸಿಗುತ್ತದೆ, ಎರಡೂ ಅಪರಾಧ. ತೋಟೆಯ ಸಿಡಿಮದ್ದು ಸಿಡಿದ ಹೊಡೆತಕ್ಕೆ ಮೀನಿನ ಒಳಗಿನ ಗಾಳಿಚೀಲ ಒಡೆಯುತ್ತದೆ. ಸತ್ತ ಬಹಳಷ್ಟು ಮೀನು ತೇಲುವುದೇ ಇಲ್ಲ, ತಳಕ್ಕೆ ಹೋಗಿ ಕೊಳೆಯುತ್ತದೆ. ಮರಿ, ಮೊಟ್ಟೆ, ಏಡಿ, ಸೀಗಡಿ ಎಲ್ಲ ಅದರ ಜೊತೆ. ಹಿಂದೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರಲ್ಲ ಅನ್ನುತ್ತಾರೆ. ಅದು ಬತ್ತಿದ ಹಳ್ಳದ ಒಂದು ಗುಂಡಿಗೆ, ವರ್ಷಕ್ಕೊಮ್ಮೆ. ಹಾಗಂತ ಅದನ್ನೂ ನಾನು ಸರಿ ಅನ್ನುವುದಿಲ್ಲ. ತೋಟೆಗೆ ಕೈ ಕಳೆದುಕೊಂಡವರು ನಮ್ಮ ಕಡೆ ಇದ್ದಾರೆ, ಅವರನ್ನು ನೋಡಿದ ಮೇಲೂ ಈ ಪ್ರಶ್ನೆ ಬರುತ್ತದೆ ಅನ್ನುವುದೇ ಬೇಜಾರು.

ಚೇಳುಮೀನು ಚುಚ್ಚಿದ್ರೆ ಏನು ಮಾಡೋದು?

ಪಕ್ಕದ ರೆಕ್ಕೆಯ ಮುಳ್ಳಿನಲ್ಲ‌ಿ ವಿಷ ಇದೆ, ಉರಿ ಭುಜದವರೆಗೆ ಏರುತ್ತದೆ. ಮುಳ್ಳಿನ ಚೂರು ಇದ್ದರೆ ತೆಗೆದು, ಚರ್ಮ ಸುಡದಷ್ಟು, ತಡೆಯುವಷ್ಟು ಬಿಸಿ ನೀರಲ್ಲಿ ಕೈ ಅದ್ದಿ ಇಟ್ಟುಕೊಳ್ಳಿ, ನೋವು ಇಳಿಯುತ್ತದೆ. ಆಮೇಲೆ ಡಾಕ್ಟರ ಹತ್ತಿರ ಹೋಗಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಉಸಿರು ಕಟ್ಟಿದಂತಾದರೆ ಬಿಸಿ ನೀರು ಅಂತ ಕಾಯದೆ ನೇರ ಆಸ್ಪತ್ರೆಗೆ ಓಡಿ.

ತೆಪ್ಪದಲ್ಲಿ ಹೋದ್ರೆ ಒಳ್ಳೇ ಮೀನು ಸಿಗುತ್ತೆ ಅಂತಾರೆ. ಹೋಗ್ಲಾ?

ಈಜು ಬಂದರೂ, ಲೈಫ್ ಜಾಕೆಟ್ ಇಲ್ಲದೆ ಬೇಡ. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಹಿನ್ನೀರಿನ ಅಲೆ ಕೆರೆಯ ಅಲೆಯ ಹಾಗಲ್ಲ. ದಡದಲ್ಲೂ ಎಚ್ಚರ ಬೇಕು. ಈಚೆಗೆ ನೀರು ಬಿಟ್ಟ ನೆಲ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಳಗೆ ತೊಡೆಯುದ್ದ ಕೆಸರು. ಒಮ್ಮೆ ನಾನು ಸೊಂಟದವರೆಗೆ ಹೂತು, ಕುರಿ ಕಾಯುವ ಅಜ್ಜ ಕಂಬಳಿ ಎಸೆದು ಎಳೆದ ಮೇಲೆ ಬದುಕಿದೆ. ಚಪ್ಪಲಿ ಇನ್ನೂ ಅಲ್ಲೇ ಇದೆ.

ಹಿನ್ನೀರಿನ ಮೀನಿಗೆ ಕೆಸರು ವಾಸನೆ. ಹೋಗಿಸೋದು ಹೇಗೆ?

ವಾಸನೆ ಕೆಸರಿನದಲ್ಲ, ಒಂದು ಜಾತಿಯ ಪಾಚಿ ಮತ್ತು ಸೂಕ್ಷ್ಮಜೀವಿಗಳು ಬಿಡುವ ವಸ್ತುವಿನದು. ಮೀನಿನ ಮಾಂಸದಲ್ಲಿ, ಚರ್ಮದಲ್ಲಿ ಸೇರಿಕೊಳ್ಳುತ್ತದೆ. ಬೇಸಿಗೆಯ ಮೀನಿಗೆ ಜಾಸ್ತಿ, ಹೊಸ ನೀರು ಬಂದ ಮೇಲೆ ಕಡಿಮೆ. ಹೊಟ್ಟೆಯ ಒಳಗಿನ ಕಪ್ಪು ಪೊರೆ ಪೂರ್ತಿ ಕೆರೆದು ತೆಗೆಯಿರಿ. ಕುಚ್ಚು, ಚೇಳಿನಂಥ ಲೋಳೆ ಮೀನಾದರೆ ಒಲೆಯ ಬೂದಿ ಹಚ್ಚಿ ಉಜ್ಜಿ. ಆಮೇಲೆ ಉಪ್ಪು, ಹುಣಸೆಹುಳಿ ಸವರಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ, ಹುಳಿಗೆ ಆ ವಾಸನೆ ಮುರಿಯುತ್ತದೆ. ನಮ್ಮ ಮನೆಯಲ್ಲಿ ಸಾರಿಗೆ ವಾಟೆಹುಳಿ ಹಾಕುತ್ತಾರೆ, ಸಕಲೇಶಪುರದ ಅತ್ತೆ ಮನೆಯಲ್ಲಿ ಕಾಚಂಪುಳಿ. ಯಾವುದು ಮೇಲು ಎಂದು ಮಾತ್ರ ನನ್ನನ್ನು ಕೇಳಬೇಡಿ, ಎರಡೂ ಕಡೆ ಊಟಕ್ಕೆ ಹೋಗಬೇಕಾದವನು ನಾನು.